ಮೂರನೇ ಮಹಡಿಯ ಬೆಂಕಿ ಪ್ರತಿನಿಧಿ

ಎದುರುಮನೆಗೆ ಬಾಡಿಗೆಗೆ ಬಂದವರು ಏನು ಕೆಲಸ ಮಾಡುತ್ತಾರೆಂದು ಆರು ವಾರ ಕಳೆದರೂ ತಿಳಿಯದಿದ್ದರೆ, ಒಬ್ಬ ಗೃಹಿಣಿಗೆ ತಿಂದ ಅನ್ನ ಮೈಗೆ ಹತ್ತುವುದಾದರೂ ಹೇಗೆ? ನಾನೇನು ಕೆಟ್ಟ ಕುತೂಹಲದ ಹೆಂಗಸಲ್ಲ. (ಒಳ್ಳೆಯ ಕುತೂಹಲ ಇದೆ. ಅದು ಬೇರೆ.) ನಮ್ಮ ಮೂರನೇ ಮಹಡಿಯಲ್ಲಿರುವುದು ನಾಲ್ಕೇ ಮನೆ. ನಮ್ಮ ಪಕ್ಕದಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು, ಅವರೆದುರಿಗೆ ಟೈಲರಮ್ಮ. ಇವರಿಬ್ಬರ ಮನೆಯಲ್ಲಿ ಯಾವ ಪಾತ್ರೆಯ ಹಿಡಿ ಅಲ್ಲಾಡುತ್ತದೆ ಎಂಬುದೂ ನನಗೆ ಗೊತ್ತು. ಆದರೆ ನಮ್ಮೆದುರಿಗೆ ಬಂದ ನಲವತ್ತರ ಆಸುಪಾಸಿನ ಒಂಟಿ ಮನುಷ್ಯರೊಬ್ಬರ ವಿಷಯದಲ್ಲಿ ನನ್ನ ಜ್ಞಾನ ದೊಡ್ಡ ಸೊನ್ನೆ.

ಬೆಳಿಗ್ಗೆ ಒಂಬತ್ತಕ್ಕೆ ಹೋಗುತ್ತಾರೆ, ಸಂಜೆ ಆರಕ್ಕೆ ಬರುತ್ತಾರೆ. ಮೊದಲು ಬರಿಗೈಯಲ್ಲಿ ಬರುತ್ತಿದ್ದರು. ಮೂರನೇ ವಾರದಿಂದ ದಿನಕ್ಕೊಂದು ರಟ್ಟಿನ ಡಬ್ಬ ಕಂಕುಳಲ್ಲಿ ಬರತೊಡಗಿತು. ಡಬ್ಬ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನಮ್ಮ ಬಾಗಿಲಿಗೆ ಕಡಲೆಕಾಳು ಗಾತ್ರದ ಗಾಜಿನ ಕಿಂಡಿಯೊಂದಿದೆ. ಅದರಿಂದ ನೋಡಿ ನೋಡಿ ನಾನು ಇಪ್ಪತ್ತೊಂದು ಡಬ್ಬ ಎಣಿಸಿದ್ದೆ.

"ಡಬ್ಬದಲ್ಲಿ ಏನಿರಬಹುದು ರೀ?" ಎಂದು ನಮ್ಮವರನ್ನು ಕೇಳಿದೆ. ನಮ್ಮವರು ಪತ್ರಿಕೆಯೊಂದರಲ್ಲಿ ಅಚ್ಚುತಪ್ಪು ತಿದ್ದುವವರು. ಲೋಕದಲ್ಲಿ ಕೊಂಬು, ದೀರ್ಘ, ಒತ್ತಕ್ಷರ ಬಿಟ್ಟು ಬೇರೇನಿದೆ ಎಂದು ಅವರಿಗೆ ತಿಳಿಯದು.

"ಡಬ್ಬದಲ್ಲಿ ಡಕ್ಕೆ ಒತ್ತಿಲ್ಲ, ಬಕ್ಕೆ ಇದೆ. ಅಷ್ಟು ಗೊತ್ತು," ಎಂದರು.

ಅತ್ತೆಯವರು ಮಾತ್ರ ನನ್ನ ಸಂಕಟ ಅರ್ಥ ಮಾಡಿಕೊಂಡವರು. ಆ ಮನುಷ್ಯರಿಗೆ 'ಡಬ್ಬದಣ್ಣ' ಎಂದು ಹೆಸರಿಟ್ಟವರೂ ಅವರೇ.

ಹೀಗಿರುವಾಗ ಒಂದು ಭಾನುವಾರ ನಿವಾಸಿಗಳ ಸಂಘದ ಕಾರ್ಯದರ್ಶಿ ಸುತ್ತೋಲೆ ತಂದರು. ನಗರದಲ್ಲಿ ಬೆಂಕಿ ಸುರಕ್ಷತೆಯ ಹೊಸ ನಿಯಮಗಳು ಬಂದಿವೆ, ಎರಡು ವಾರದಲ್ಲಿ ಅಗ್ನಿಶಾಮಕ ಠಾಣೆಯವರು ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಪ್ರತಿ ಮಹಡಿಗೂ ಒಬ್ಬರು ಪ್ರತಿನಿಧಿ ಆಗಬೇಕು, ಮನೆಮನೆಗೆ ಹೋಗಿ ಹನ್ನೊಂದು ಪ್ರಶ್ನೆಗಳ ಫಾರಂ ತುಂಬಿಸಬೇಕು ಎಂದು ಅದರಲ್ಲಿತ್ತು. ನಮ್ಮವರು ಕೆಂಪು ಪೆನ್ನು ಹಿಡಿದು ಕೂತೇಬಿಟ್ಟರು.

"ಇದನ್ನ ನೋಡಿ. 'ಬೆಂಕಿ ಬಿದ್ದಾಗ ಲಿಫ್ಟ್ ಬಳಸದೆ ಮೆಟ್ಟಿಲಿನಿಂದಲೇ ಹಾರತಕ್ಕದ್ದು' ಅಂತಿದೆ. 'ಹೋಗತಕ್ಕದ್ದು' ಆಗಬೇಕು. ಯಾರಾದರೂ ನಿಯಮ ಪಾಲಿಸಿ ಹಾರಿದರೆ ಯಾರು ಹೊಣೆ?"

"ನೀವೇ ಪ್ರತಿನಿಧಿ ಆಗಿಬಿಡಿ ಸಾರ್," ಎಂದರು ಕಾರ್ಯದರ್ಶಿ.

"ಅಯ್ಯೋ, ನನಗೆಲ್ಲಿ ಪುರುಸೊತ್ತು?"

ನನ್ನ ಕಣ್ಣು ಮಾತ್ರ ಸುತ್ತೋಲೆಯ ಮೂರನೇ ಸಾಲಿನಲ್ಲಿ ನೆಟ್ಟಿತ್ತು. 'ಪ್ರತಿನಿಧಿಯು ಪ್ರತಿ ಮನೆಯ ಎಲ್ಲ ಕೋಣೆಗಳನ್ನೂ ಖುದ್ದಾಗಿ ನೋಡತಕ್ಕದ್ದು.' ಎಲ್ಲ ಕೋಣೆಗಳನ್ನೂ. ಖುದ್ದಾಗಿ. ಎಷ್ಟು ಸೊಗಸಾದ ಭಾಷೆ. ಅದರಲ್ಲಿ ಒಂದೇ ಒಂದು ತಪ್ಪು ನನಗೆ ಕಾಣಲಿಲ್ಲ.

"ನಾನಾಗ್ತೀನಿ," ಎಂದೆ. "ಸಮಾಜಕ್ಕೆ ನಾವೂ ಒಂದಿಷ್ಟು ಮಾಡಬೇಕಲ್ಲ."

ನಮ್ಮವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೊಗೆ ಕಂಡರೆ ಕೂಗುವ ಯಂತ್ರವನ್ನು ಆ ಹೊತ್ತು ನನ್ನ ತಲೆಯ ಮೇಲೆ ಇಟ್ಟಿದ್ದರೆ ಅದು ಅರಚಿಕೊಳ್ಳುತ್ತಿತ್ತು. ಒಳಗೆ ಅಷ್ಟು ಹೊಗೆಯಾಡುತ್ತಿತ್ತು.

ಮರುದಿನವೇ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಹೊರಟೆ. ನೇರವಾಗಿ ಎದುರುಮನೆಗೇ ನುಗ್ಗಿದರೆ ಚೆನ್ನಾಗಿರುವುದಿಲ್ಲ ಎಂದು ಮೊದಲು ಮೇಷ್ಟ್ರ ಮನೆಗೆ ಹೋದೆ. ಅವರ ಹಜಾರದಲ್ಲಿ ಹಳೆಯ ಪತ್ರಿಕೆಗಳು ಗೋಡೆಯ ಹಾಗೆ ಎದ್ದಿದ್ದವು. ನಡುವೆ ಒಬ್ಬರು ಅಡ್ಡಡ್ಡವಾಗಿ ನಡೆಯುವಷ್ಟು ದಾರಿ.

"ಮೇಷ್ಟ್ರೇ, ಇದಕ್ಕೆ ಕಿಡಿ ಬಿದ್ದರೆ ಏನು ಗತಿ?"

"ಹೆದರಬೇಡಿ. ನಾನು ಲೆಕ್ಕ ಹಾಕಿದ್ದೀನಿ. ಈ ಮನೆಗೆ ಬೆಂಕಿ ಬೀಳೋ ಸಂಭವ ನಾನ್ನೂರು ವರ್ಷಕ್ಕೊಂದು ಸಲ."

"ಆ ನಾನ್ನೂರನೇ ವರ್ಷ ಇದೇ ಆಗಿದ್ದರೆ?"

ಮೇಷ್ಟ್ರು ಒಂದು ಹಾಳೆ ತೆಗೆದುಕೊಂಡು ಮತ್ತೆ ಲೆಕ್ಕಕ್ಕೆ ಕೂತರು. ಸಂಜೆಗೆ ಮುಕ್ಕಾಲು ಪಾಲು ಪತ್ರಿಕೆ ರದ್ದಿಗೆ ಹೋಯಿತು. ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಟೈಲರಮ್ಮನ ಮನೆಯಲ್ಲಿ ಒಂದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಫ್ಯಾನು, ದೀಪ, ಫೋನು ಎಲ್ಲ ಜೋತುಬಿದ್ದಿದ್ದವು. ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಚಿಂದಿಬಟ್ಟೆಯ ರಾಶಿ. ಆಕೆ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಹ್ಞೂಂ, ತೆಗೀತೀನಿ ಅಕ್ಕ," ಎಂದರು. ತೆಗೆದರು ಕೂಡ. ನಿಜ ಹೇಳುತ್ತೇನೆ, ಆ ಎರಡು ದಿನ ನನಗೆ ಡಬ್ಬದ ನೆನಪು ಅಷ್ಟಾಗಿ ಬರಲಿಲ್ಲ. ಯಾವ ತಂತಿ ಬಿಸಿಯಾಗಿದೆ, ಯಾವ ಗ್ಯಾಸ್ ಪೈಪು ಬಿರುಕುಬಿಟ್ಟಿದೆ ಎಂದು ಮುಟ್ಟಿ ನೋಡುವುದರಲ್ಲೇ ಒಂದು ರುಚಿ ಹತ್ತಿತ್ತು.

ಮೂರನೇ ದಿನ ಸಂಜೆ ಎದುರುಮನೆಯ ಗಂಟೆ ಒತ್ತಿದೆ. ಡಬ್ಬದಣ್ಣ ಬಾಗಿಲು ತೆರೆದರು. ಗುರುತಿನ ಚೀಟಿ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಜಾರದಲ್ಲಿ ಡಬ್ಬಗಳು ಒಂದರ ಮೇಲೊಂದು. ತುಂಬ ಗಂಭೀರವಾಗಿ, "ನಿಯಮದ ಪ್ರಕಾರ ಇವುಗಳ ಒಳಗೆ ಏನಿದೆ ನೋಡಬೇಕಾಗುತ್ತೆ," ಎಂದೆ.

"ನೋಡಿ."

ಒಂದನ್ನು ತೆರೆದೆ. ಖಾಲಿ. ಇನ್ನೊಂದು, ಅದೂ ಖಾಲಿ. ಇಪ್ಪತ್ತೊಂದೂ ಖಾಲಿ. ಮೂರು ವಾರ ಕತ್ತು ನೋಯಿಸಿಕೊಂಡು ಎಣಿಸಿದ್ದು ಬರೀ ಗಾಳಿಯನ್ನು.

"ಇದ್ಯಾಕೆ ಇಷ್ಟೊಂದು ಖಾಲಿ ಡಬ್ಬ?"

ಅವರು ಸಂಕೋಚದಿಂದ ಕೈ ಹೊಸೆದುಕೊಂಡರು. "ಮನೆ ಖಾಲಿ ಮಾಡ್ತಿದ್ದೀನಿ ಅಮ್ಮ. ಸಾಮಾನು ತುಂಬೋದಕ್ಕೆ ಅಂಗಡಿಯಿಂದ ದಿನಕ್ಕೊಂದು ತರ್ತಿದ್ದೀನಿ."

"ಬಂದು ಎರಡು ತಿಂಗಳೂ ಆಗಲಿಲ್ಲ. ಯಾಕೆ, ನೀರು ಸರಿಯಾಗಿ ಬರಲ್ವಾ?"

"ನೀರು ಬರುತ್ತೆ. ಹೇಗೆ ಹೇಳಲಿ... ನಾನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಕೂರಿಸೋನು. ಬಾಗಿಲ ಗಾಜಿನ ಹಿಂದೆ ಕಣ್ಣು ಬಂದರೆ ಗಾಜು ಕಪ್ಪಾಗುತ್ತೆ. ಬೇರೆಯವರಿಗೆ ಕಾಣಲ್ಲ, ನನಗೆ ಕಾಣುತ್ತೆ."

ಆರು ವಾರ ನಾನು ಒದ್ದಾಡಿದ ಪ್ರಶ್ನೆಗೆ ಉತ್ತರ ಹೀಗೆ ಬಂದು ಮಡಿಲಿಗೆ ಬಿತ್ತು. ಸಂತೋಷಪಡುವುದಕ್ಕೆ ಮಾತ್ರ ಪುರುಸೊತ್ತು ಸಿಗಲಿಲ್ಲ.

"ನಿಮ್ಮ ಮನೆ ಬಾಗಿಲೇ ಅಮ್ಮ," ಎಂದರು ಅವರು ದನಿ ತಗ್ಗಿಸಿ. "ಹೋಗುವಾಗಲೂ ಕಪ್ಪು, ಬರುವಾಗಲೂ ಕಪ್ಪು. ನನಗೆ ಕೈಕಾಲು ಆಡಲ್ಲ. ನೀವಂತೂ ಅಲ್ಲ ಬಿಡಿ. ಕಿಂಡಿ ಇರೋದು ಅಷ್ಟು ಮೇಲೆ, ನಿಮಗೆ ಎಟುಕೋದಿಲ್ಲ. ನಿಮ್ಮತ್ತೆಯವರು ಇನ್ನೂ ಕುಳ್ಳು. ಅಂದಮೇಲೆ ನಿಮ್ಮ ಯಜಮಾನರು... ತಪ್ಪು ತಿಳ್ಕೋಬೇಡಿ. ಅವರಿಗೆ ನನ್ನ ಮೇಲೆ ಏನು ಅನುಮಾನ?"

ಈ ಜಾಗದಲ್ಲಿ ಒಬ್ಬ ಪತಿವ್ರತೆ ಏನು ಮಾಡಬೇಕಿತ್ತು ಎಂದು ನನಗೆ ಗೊತ್ತು. ನಾನು ಮಾಡಿದ್ದೇನೆಂದರೆ, ಒಂದು ನಿಟ್ಟುಸಿರು ಬಿಟ್ಟು, "ಅವರ ಸ್ವಭಾವವೇ ಸ್ವಲ್ಪ ಹಾಗೆ. ದಿನವಿಡೀ ತಪ್ಪು ಹುಡುಕೋ ಕೆಲಸ ನೋಡಿ. ನಾನು ಬುದ್ಧಿ ಹೇಳ್ತೀನಿ," ಎಂದೆ. "ಅಂದಹಾಗೆ, ಈ ರಟ್ಟೆಲ್ಲ ಬೇಗ ಹೊತ್ತಿಕೊಳ್ಳೋ ಪದಾರ್ಥ. ಒಂದೋ ತುಂಬಿ, ಇಲ್ಲಾ ತೆಗೆಸಿ," ಎಂದು ಸೇರಿಸಿ, ಫಾರಂ ತಲೆಕೆಳಗಾಗಿ ಹಿಡಿದುಕೊಂಡು ಮನೆಗೆ ಬಂದೆ.

ಅಂದಿನಿಂದ ನಮ್ಮವರ ಬಾಳು ವಿಚಿತ್ರವಾಯಿತು.

"ಎದುರುಮನೆಯವರು ಮೆಟ್ಟಿಲ ಮೇಲೆ ಸಿಕ್ಕರೆ ಯಾಕೆ ಶರ್ಟಿನ ಗುಂಡಿ ಹಾಕ್ಕೋತಾರೆ?" ಎಂದು ಒಂದು ದಿನ ಕೇಳಿದರು.

"ಚಳಿ ಇರಬೇಕು."

ಇನ್ನೊಂದು ದಿನ, "ಇವತ್ತು ಅವರು ಜೇಬಿನಲ್ಲಿರೋದನ್ನೆಲ್ಲ ತೆಗೆದು ನನಗೆ ತೋರಿಸಿದರು ಕಣೇ. ಬೀಗದ ಕೈ, ಕರವಸ್ತ್ರ, ಎರಡು ಬಸ್ಸಿನ ಟಿಕೀಟು. 'ಸಮಾಧಾನ ಆಯ್ತಾ ಸಾರ್' ಅಂದರು. ಏನಿದು?"

"ತುಂಬ ಪ್ರಾಮಾಣಿಕರು ಪಾಪ," ಎಂದೆ. ನನಗೆ ಆ ದಿನ ಊಟ ಸೇರಲಿಲ್ಲ. ಸುಮ್ಮನಿದ್ದ ಮನುಷ್ಯರೊಬ್ಬರು ನನ್ನಿಂದ ಮನೆ ಬಿಡುತ್ತಿದ್ದಾರೆ, ಸುಮ್ಮನಿದ್ದ ಇನ್ನೊಬ್ಬರು ನನ್ನಿಂದ ಹೆಸರು ಕೆಡಿಸಿಕೊಳ್ಳುತ್ತಿದ್ದಾರೆ. ಹೇಳಿಬಿಡಬೇಕೆಂದು ಎರಡು ಸಲ ಎದುರುಮನೆಯ ಬಾಗಿಲಿನವರೆಗೂ ಹೋದೆ. ಎರಡು ಸಲವೂ ಅವರ ಕಾಲೊರಸಿನ ಬಣ್ಣ ನೋಡಿಕೊಂಡು ಹಿಂತಿರುಗಿದೆ.

ತಪಾಸಣೆಯ ದಿನ ಬಂತು. ಎಲ್ಲರೂ ರಜೆ ಹಾಕಿದ್ದರು. ಅಗ್ನಿಶಾಮಕ ಠಾಣೆಯಿಂದ ಬಂದವರು ಖಾಕಿ ತೊಟ್ಟ, ಕಡಿಮೆ ಮಾತಿನ ಅಧಿಕಾರಿಣಿ. ಹಿಂದೆ ಕಾರ್ಯದರ್ಶಿ, ಅವರ ಹಿಂದೆ ಮಹಡಿಯವರೆಲ್ಲ. ಮೇಷ್ಟ್ರ ಹಜಾರದಲ್ಲಿ ಈಗ ಇಬ್ಬರು ಅಕ್ಕಪಕ್ಕ ನಡೆಯಬಹುದಿತ್ತು. ಟೈಲರಮ್ಮನ ಗೋಡೆಗೆ ಹೊಸ ಪ್ಲಗ್ಗುಗಳು ಬಂದಿದ್ದವು. ಡಬ್ಬದಣ್ಣ ಡಬ್ಬಗಳಿಗೆಲ್ಲ ಸಾಮಾನು ತುಂಬಿ ಗೋಡೆಗೆ ಒತ್ತರಿಸಿದ್ದರು.

"ಪ್ರತಿನಿಧಿ ಯಾರು? ಕೆಲಸ ಚೆನ್ನಾಗಿ ಮಾಡಿದ್ದೀರಿ," ಎಂದರು ಅಧಿಕಾರಿಣಿ. ನಾನು ಗುರುತಿನ ಚೀಟಿ ಸರಿಮಾಡಿಕೊಂಡೆ. "ನಾಲ್ಕನೇ ಮನೆ ಫಾರಂ ಎಲ್ಲಿ?"

"ಅದು ನಮ್ಮ ಮನೆಯೇ," ಎಂದೆ ನಗುತ್ತ. ಊರವರ ಮನೆಗಳನ್ನೆಲ್ಲ ಜಾಲಾಡಿದವಳಿಗೆ ಸ್ವಂತ ಮನೆಗೂ ಹನ್ನೊಂದು ಪ್ರಶ್ನೆ ಇವೆ ಎಂಬುದು ಹೊಳೆದೇ ಇರಲಿಲ್ಲ.

"ಪರವಾಗಿಲ್ಲ, ನಾನೇ ನೋಡ್ತೀನಿ. ಮೊದಲನೇದು, ಹೊರಬಾಗಿಲು ಪೂರ್ತಿ ತೆರೆಯುತ್ತಾ?"

ಅವರು ನಮ್ಮ ಬಾಗಿಲು ತಳ್ಳಿದರು. ಅದು ಅರ್ಧ ತೆರೆದು, 'ಧಡ್' ಎಂದು ನಿಂತಿತು. ಮತ್ತೆ ತಳ್ಳಿದರು. ಮತ್ತೆ ಧಡ್.

"ಹಿಂದೆ ಏನಿದೆ?"

ಒಂದು ಸ್ಟೂಲಿತ್ತು. ಅದರ ವಿಷಯ ನಿಮಗೂ ಹೇಳಿರಲಿಲ್ಲ, ಕ್ಷಮಿಸಿ. ಅಂಥದ್ದನ್ನೆಲ್ಲ ಯಾರು ತಾನೇ ತಾವಾಗಿ ಹೇಳುತ್ತಾರೆ?

"ಈ ಸ್ಟೂಲು ಯಾಕೆ ಬಾಗಿಲ ಹಿಂದೆ?" ಎಂದರು ಅಧಿಕಾರಿಣಿ.

ನಾನು ಬಲ್ಬು, ಜೇಡರಬಲೆ, ಗಡಿಯಾರ ಎಂದು ಮೂರು ಕಾರಣಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಒಂದನ್ನು ಆರಿಸುವಷ್ಟರಲ್ಲಿ ಒಳಗಿನಿಂದ ಅತ್ತೆಯವರ ದನಿ ಬಂತು.

"ಅದನ್ನ ಅಲ್ಲೇ ಬಿಡಿ ತಾಯಿ. ನಮ್ಮ ಸೊಸೆ ಹತ್ತಿ ನೋಡೋ ಸ್ಟೂಲು ಅದು. ಆರು ಗಂಟೆಗೆ ಮತ್ತೆ ಬೇಕಾಗುತ್ತೆ."

ಡಬ್ಬದಣ್ಣ ಸ್ಟೂಲು ನೋಡಿದರು, ಕಿಂಡಿ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ನಮ್ಮವರನ್ನು ನೋಡಿದರು. ಅವರ ಕೈ ತಾನಾಗಿಯೇ ಶರ್ಟಿನ ಮೇಲಿನ ಗುಂಡಿ ಬಿಚ್ಚಿತು. ನಮ್ಮವರಿಗೆ ಆ ಗುಂಡಿಯಿಂದಲೇ ಎಲ್ಲ ಅರ್ಥವಾದಂತೆ ಕಂಡಿತು.

ಅಧಿಕಾರಿಣಿ ಬರೆದುಕೊಳ್ಳುತ್ತಿದ್ದರು. "ನಿರ್ಗಮನ ಮಾರ್ಗದಲ್ಲಿ ಅಡಚಣೆ. ಒಂದು ಸ್ಟೂಲು. ಕಾರಣ... ಕಾರಣ ಏನಂತ ಬರೀಲಿ?"

ನಮ್ಮವರು ಮೆಲ್ಲಗೆ ಮುಂದೆ ಬಂದು, ಬರೆಯುವವರ ಭುಜದ ಮೇಲಿಂದ ಬಗ್ಗಿ ನೋಡಿ, "ಕುತೂಹಲ ಅಂತ ಬರೀರಿ," ಎಂದರು. "ಕು ಹ್ರಸ್ವ. ತೂ ದೀರ್ಘ. ಎಲ್ಲರೂ ಅಲ್ಲೇ ತಪ್ಪೋದು."

ನೆಲ ಬಾಯಿ ಬಿಡಲಿಲ್ಲ, ಮೂರನೇ ಮಹಡಿಯ ನೆಲವಾದ್ದರಿಂದ ಇರಬೇಕು. ನಾನು ಡಬ್ಬದಣ್ಣನ ಮುಂದೆ ಹೋಗಿ, "ತಪ್ಪಾಯ್ತು. ನೋಡ್ತಿದ್ದಿದ್ದು ನಾನೇ. ನಮ್ಮವರಿಗೆ ಏನೂ ಗೊತ್ತಿಲ್ಲ. ನೀವು ಮನೆ ಬಿಡಬೇಡಿ," ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

"ನೀವಾ?" ಎಂದರು ಅವರು. ನಕ್ಕೇಬಿಟ್ಟರು. "ನೋಡ್ತಿರೋರು ಕಳ್ಳರ ಕಡೆಯವರೋ, ಪೊಲೀಸರ ಕಡೆಯವರೋ ಅಂತ ನಾನು ಇಷ್ಟು ವಾರ ನಿದ್ದೆಗೆಟ್ಟೆ. ಸ್ಟೂಲು ಹತ್ತಿ ನೋಡೋರಿಗೆ ಯಾಕೆ ಹೆದರಲಿ? ಮನೆ ಬಿಡಲ್ಲ." ಆಮೇಲೆ ನಮ್ಮವರ ಕೈ ಹಿಡಿದು, ಜೇಬು ತೋರಿಸಿದ್ದಕ್ಕೆ ಕ್ಷಮೆ ಕೇಳಿದರು. ಇಬ್ಬರೂ ಚಹಾ ಕುಡಿಯಲು ಒಟ್ಟಿಗೆ ಇಳಿದುಹೋದರು. ನನ್ನನ್ನು ಕರೆಯಲಿಲ್ಲ.

ಅಧಿಕಾರಿಣಿ ನನ್ನ ಕೊರಳಿನ ಚೀಟಿಯತ್ತ ಕೈ ಚಾಚಿದರು. "ನೀವು ಕೆಲಸ ಚೆನ್ನಾಗಿಯೇ ಮಾಡಿದ್ದೀರಿ. ಆದರೆ ಸ್ವಂತ ಮನೇಲೇ ಹೀಗಾದರೆ ಪ್ರತಿನಿಧಿ ಬದಲಾಗಬೇಕು. ಇದ್ದದ್ದು ಇದ್ದ ಹಾಗೆ ಹೇಳೋರು ಬೇಕು. ಒಳಗೆ ಮಾತಾಡಿದರಲ್ಲ, ಅವರು ಯಾರು?"

ಹೀಗೆ ಅತ್ತೆಯವರು ಎಪ್ಪತ್ತೆರಡನೇ ವಯಸ್ಸಿನಲ್ಲಿ ಅಧಿಕಾರಕ್ಕೆ ಬಂದರು. ಮಂಡಿನೋವಿನಿಂದ ಬೇರೆ ಮನೆಗಳಿಗೆ ಹೋಗಲಾಗುವುದಿಲ್ಲ. ಆದ್ದರಿಂದ ಕಾನೂನಿನ ಸಂಪೂರ್ಣ ಬಲ ನನ್ನ ಅಡುಗೆಮನೆಯ ಮೇಲೆ ಬಿದ್ದಿದೆ. ಚೀಟಿ ತೂಗುಹಾಕಿಕೊಂಡು, ಫಾರಂ ಹಿಡಿದು, ಬಾಗಿಲಲ್ಲೇ ಕುರ್ಚಿ ಹಾಕಿ ಕೂರುತ್ತಾರೆ. ಒರಸುಬಟ್ಟೆ ಒಲೆಗೆ ಒಂದು ಗೇಣು ಹತ್ತಿರವಾದರೂ ಬರೆದುಕೊಳ್ಳುತ್ತಾರೆ.

ನಿನ್ನೆ ಸಂಜೆ ಹಾಲು ಒಲೆಯ ಮೇಲಿತ್ತು. ಹೊರಗೆ ಎದುರುಮನೆಯ ಬಾಗಿಲು ತೆರೆದ ಸದ್ದಾಯಿತು. ಒಂದು ಹೊಸ ದನಿ, ಹೆಂಗಸಿನದು, ನಗುತ್ತ ಏನೋ ಹೇಳಿತು. ಭಾರವಾದದ್ದೇನನ್ನೋ ನೆಲದ ಮೇಲೆ ಎಳೆದ ಶಬ್ದ. ನಾನು ಒಂದು ಹೆಜ್ಜೆ ಇಟ್ಟೆ.

"ಪ್ರಶ್ನೆ ಏಳು," ಎಂದರು ಅತ್ತೆಯವರು ಕನ್ನಡಕ ಏರಿಸಿ. "ಒಲೆ ಉರೀತಿರುವಾಗ ಅಡುಗೆಮನೆ ಬಿಟ್ಟು ಹೋಗ್ತೀರಾ?"

"ಇಲ್ಲ ಅತ್ತೆ."

"ಹಾಗಾದರೆ ನಿಂತಿರು. ನಾನು ನೋಡಿಕೊಂಡು ಬರ್ತೀನಿ."

ಮಂಡಿನೋವನ್ನೂ ಮರೆತು ಎದ್ದುಹೋದರು. ಹೊರಬಾಗಿಲು ಪೂರ್ತಿ ತೆರೆಯಿತು. ಹತ್ತು ನಿಮಿಷ ಮಾತು, ನಗು, ಮತ್ತೆ ಮಾತು. ಒಂದಕ್ಷರವೂ ಕೇಳಿಸಲಿಲ್ಲ. ಹಾಲು ಉಕ್ಕಲೂ ಇಲ್ಲ, ನಾನು ಅಲ್ಲಾಡಲೂ ಇಲ್ಲ. ಅವರು ಮುಖವೆಲ್ಲ ಅರಳಿಸಿಕೊಂಡು ಹಿಂತಿರುಗಿ, ಕುರ್ಚಿಯಲ್ಲಿ ಕೂತು, ಫಾರಂ ಕೈಗೆತ್ತಿಕೊಂಡರು.

"ಯಾರತ್ತೆ? ಏನಂತೆ?"

"ಏನಿಲ್ಲ," ಎಂದರು. "ಪ್ರಶ್ನೆ ಎಂಟು."