ಬಾಯಿಬಿಡದ ಅರ್ಧ ಡಾಕ್ಟರ

ಹಲ್ಲುಜ್ಜುತ್ತಾ ಫೋನು ನೋಡುವ ಚಟ ಇಲ್ಲದಿದ್ದರೆ ಅರ್ಧ ಡಾಕ್ಟರನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಒಂದು ಆಕಳಿಕೆ ಬಂತು, ಕೈ ಸಡಿಲವಾಯಿತು, ವಿಶ್ವವಿದ್ಯಾಲಯದವರು ಪ್ರಯೋಗಕ್ಕೆಂದು ಕೊಟ್ಟಿದ್ದ ಫೋನು ಬಕೆಟ್ಟಿನ ನೀರಿಗೆ ಬಿದ್ದು, ಎರಡು ಗುಳ್ಳೆ ಬಿಟ್ಟು ತಳ ಸೇರಿತು.

ಅರ್ಧ ಡಾಕ್ಟರ ಎಂಬುದು ಅವನು ಬಾಡಿಗೆಗಿದ್ದ ಕಟ್ಟಡದವರು ಕೊಟ್ಟ ಬಿರುದು. ಪಿಎಚ್.ಡಿ. ಇನ್ನೂ ಮುಗಿದಿರಲಿಲ್ಲ ಎನ್ನುವುದು ಒಂದು ಕಾರಣ. ಅವನದು ಔಷಧದ ಸಂಶೋಧನೆಯೂ ಅಲ್ಲ, ಔಷಧ ನುಂಗಲು ನೆನಪಿಸುವ ಮೊಬೈಲ್ ಆ್ಯಪಿನದು ಎನ್ನುವುದು ಇನ್ನೊಂದು. ಗುಂಡಿ ಎಷ್ಟು ದಪ್ಪಗಿರಬೇಕು, ಯಾವ ಬಣ್ಣ ಬಳಿದರೆ ವಯಸ್ಸಾದವರ ಕಣ್ಣಿಗೆ ಬೀಳುತ್ತದೆ ಎಂಬುದೇ ಅವನ ಶಾಸ್ತ್ರ. ಅದನ್ನು ಎಷ್ಟು ಬಿಡಿಸಿ ಹೇಳಿದರೂ ಕೆಳಗಿನ ಅಂಗಡಿಯ ದರ್ಜಿ ವಾರಕ್ಕೊಮ್ಮೆ ಮೇಲೆ ಬಂದು ಅವನಿಗೆ ನಾಲಿಗೆ ತೋರಿಸಿ ಹೋಗುತ್ತಿದ್ದ.

ಈ ಶಾಸ್ತ್ರಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಆ್ಯಪನ್ನು ಪರೀಕ್ಷೆಗೆ ಕೊಟ್ಟಾಗ ಬಳಸುವವರು ಒದ್ದಾಡಲಿ, ಶಪಿಸಲಿ, ಫೋನನ್ನು ತಲೆಕೆಳಗಾಗಿ ಹಿಡಿಯಲಿ, ನೋಡುವವನು ತುಟಿ ಪಿಟಕ್ಕೆನ್ನಬಾರದು. ಹೇಳಿಕೊಟ್ಟರೆ ಪರೀಕ್ಷೆ ರದ್ದು. ಅರ್ಧ ಡಾಕ್ಟರನದು ಬೆಣ್ಣೆಯಂಥ ಮನಸ್ಸು. ಹಿಂದಿನ ಪರೀಕ್ಷೆಗಳಲ್ಲೆಲ್ಲ ಎದುರಿನವರ ಹಣೆಯಲ್ಲಿ ಬೆವರು ಕಂಡ ಕೂಡಲೇ “ಆ ಬಲಗಡೇದು ಒತ್ತಿ” ಎಂದುಬಿಟ್ಟಿದ್ದ. ವೀಡಿಯೊ ನೋಡಿದ ಗೈಡು, ಮೂಗಿನಲ್ಲೇ ಮಾತಾಡುವ ಮಹಾನುಭಾವರು, “ಪರೀಕ್ಷೆಗೆ ಕೂತಿದ್ದು ಅವರೋ ನೀನೋ?” ಎಂದು ಎಲ್ಲವನ್ನೂ ಕಸಕ್ಕೆ ಹಾಕಿದ್ದರು. ಈಗ ಉಳಿದಿದ್ದು ಒಂದೇ ಪರೀಕ್ಷೆ, ಒಂದೇ ದಿನ. ಸಂಜೆಯೊಳಗೆ ಪ್ರಬಂಧಕ್ಕೆ ಗೈಡಿನ ಸಹಿ ಬೀಳಬೇಕು. ಆ ಸಹಿಗೆ ಅವನ ಮದುವೆಯೂ ಜೋತುಬಿದ್ದಿತ್ತು. ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ಸಹಿಯಾದ ಮರುದಿನ ಮದುವೆಯ ದಿನ ಗೊತ್ತುಮಾಡೋಣ, ಅಲ್ಲಿಯವರೆಗೆ ಆ ಮಾತೇ ಬೇಡ ಎಂದಿದ್ದಳು.

ಬೇರೆ ದಾರಿಯಿಲ್ಲದೆ ಅವನು ತನ್ನ ಸ್ವಂತ ಫೋನಿಗೇ ಆ್ಯಪು ಹಾಕಿಕೊಂಡ. ಅದು ಹೊಸ ಸೊಸೆಯನ್ನು ವಿಚಾರಿಸುವ ಅತ್ತೆಯ ಹಾಗೆ ಹೆಸರು, ವಯಸ್ಸು, ತೂಕ ಎಲ್ಲ ಕೇಳಿ, ಕೊನೆಗೆ ಹತ್ತಿರದವರು ಯಾರು ಎಂದಿತು. ಅವಸರದಲ್ಲಿ ಅವನು ಗೈಡು, ಮನೆ ಮಾಲೀಕರು, ಹುಡುಗಿ, ಈ ಮೂವರ ನಂಬರನ್ನೂ ತುಂಬಿದ.

ಪರೀಕ್ಷೆಗೆ ಒಪ್ಪಿದ್ದು ಮೇಲಿನ ಮಹಡಿಯ ಅಜ್ಜಿ. ರಕ್ತದೊತ್ತಡದ ಮಾತ್ರೆ ನುಂಗುವವರು, ಮಾತು ನುಂಗುವವರಲ್ಲ. ಅರ್ಧ ಡಾಕ್ಟರ ಕ್ಯಾಮೆರಾ ಹಚ್ಚಿ, ಬೆಳಗಿನ ಮಾತ್ರೆ ತಗೊಂಡೆ ಅಂತ ಇದರಲ್ಲಿ ಗುರುತು ಹಾಕಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಿರಿ, ಮುಗಿಯುವ ತನಕ ನಾನು ಮಾತಾಡುವುದಿಲ್ಲ ಎಂದು ಹೇಳಿ ಎದುರು ಕುಳಿತ.

ಅಜ್ಜಿಯ ಮನಸ್ಸಿಗೆ ಬಂದದ್ದು ಒಂದೆರಡಲ್ಲ. ಮೊದಲು ಮಾಲೀಕರ ಜಿಪುಣತನ ಬಂತು. ಅದರ ಹಿಂದೆ ದರ್ಜಿ ಹೊಲಿದ, ಒಂದು ತೋಳು ಗಿಡ್ಡವಾದ ರವಿಕೆ ಬಂತು. ಮಾತ್ರೆಯ ಗುರುತು ಮಾತ್ರ ಬರಲಿಲ್ಲ.

“ಎಲ್ಲಪ್ಪಾ ಒತ್ತೋದು?” ಎಂದರು ಅಜ್ಜಿ.

ಅವನು ಗೋಡೆ ನೋಡಿದ.

“ಇದಾ? ಇದಲ್ವಾ? ಅಯ್ಯೋ, ಹವಾಮಾನ ತೋರಿಸ್ತಿದೆ. ಲೋ ಮಗಾ, ಒಂದು ಹೂಂ ಅಥವಾ ಊಹೂಂ ಅನ್ನಬಾರದಾ?”

ಹೂಂ ಎಂಬುದು ಗಂಟಲಿನವರೆಗೆ ಬಂದಿತ್ತು. ಅರ್ಧ ಡಾಕ್ಟರ ಅದನ್ನು ಹಲ್ಲು ಕಚ್ಚಿ ಒಳಕ್ಕೆ ತಳ್ಳಿದ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಬೆವರು ಅಂಗಿಗಿಳಿಯಿತು. ಅಜ್ಜಿ ಅವನನ್ನೊಮ್ಮೆ, ಫೋನನ್ನೊಮ್ಮೆ ನೋಡಿ, ಪರದೆಯ ಮೂಲೆಯಲ್ಲಿ ಕುಂಬಳಕಾಯಿಯ ಹಾಗೆ ಕೂತಿದ್ದ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು.

ಮೂರು ಫೋನುಗಳಿಗೆ ಸುದ್ದಿ ಹೋಯಿತು: ಈ ಫೋನಿನ ಒಡೆಯರಿಗೆ ಮೈ ಸರಿಯಿಲ್ಲ, ಕೂಡಲೇ ಬನ್ನಿ.

ಮೊದಲು ನುಗ್ಗಿದ್ದು ಮಾಲೀಕರು, ಅವರ ಓಟ ಕಂಡು ಹಿಂದೆಯೇ ದರ್ಜಿ. ಇಬ್ಬರೂ ಕಂಡದ್ದೇನು? ಬೊಂಬೆಯಂತೆ ಬಿಗಿದುಕೊಂಡು, ಬೆವರಿ, ಕಣ್ಣರಳಿಸಿ ಕೂತ ಹುಡುಗ. ಏನಾಯಿತೆಂದು ಕೇಳಿದರೆ ಉತ್ತರವಿಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ಅವನು ತುಟಿ ಮುಟ್ಟಿ, ಕ್ಯಾಮೆರಾ ತೋರಿಸಿ, ಎರಡೂ ಕೈ ಬೀಸಿದ. ನಾಲಿಗೆ ಬಿದ್ದುಹೋಗಿದೆ, ಕಣ್ಣೂ ಮಂಜಾಗಿದೆ ಎಂದು ಮಾಲೀಕರು ಅರ್ಥ ಮಾಡಿಕೊಂಡು ಒಂದು ಚೊಂಬು ನೀರನ್ನು ಅವನ ನೆತ್ತಿಗೆ ಸುರಿದರು. ದರ್ಜಿ ಕಾಲರಿನ ಗುಂಡಿ ಬಿಚ್ಚಿ, ಎರಡು ಬೆರಳು ತೂರಿಸಿ, ತೀರ್ಪು ಕೊಟ್ಟ:

“ಕತ್ತಿನ ಅಳತೆನೇ ತಪ್ಪು ಸಾರ್. ಉಸಿರು ಎಲ್ಲಿಂದ ಬರಬೇಕು? ಇದು ನನ್ನ ಹೊಲಿಗೆಯಲ್ಲ, ಮೊದಲೇ ಹೇಳಿದೀನಿ.”

ಅಂಗಿ ಹೋಯಿತು. ಹುಡುಗನನ್ನು ನೆಲಕ್ಕೆ ಮಲಗಿಸಿ ಒಬ್ಬರು ಅಂಗಾಲು ಉಜ್ಜಿದರು, ಇನ್ನೊಬ್ಬ ಎದೆ ಗುದ್ದಿದ. ಗುದ್ದಿಗೊಂದು ‘ಹಾಂ’ ಹೊರಬರುವುದನ್ನು ಅವನು ಕೆನ್ನೆಯಲ್ಲೇ ಹಿಡಿದಿಟ್ಟ. ಆ ಗದ್ದಲದ ನಡುವೆ ಅಜ್ಜಿ ಮೂಲೆಯಲ್ಲಿ ಕುಳಿತು ಮಾತ್ರೆಯ ಗುರುತು ಹುಡುಕುತ್ತಲೇ ಇದ್ದರು.

ಅಷ್ಟರಲ್ಲಿ ಗೈಡು ಏದುಸಿರಿನಲ್ಲಿ ಬಂದರು, ಅವರ ಬೆನ್ನಿಗೇ ಹುಡುಗಿ, ಸಮವಸ್ತ್ರದಲ್ಲೇ. ಆಕೆ ಎಲ್ಲರನ್ನೂ ಬದಿಗೆ ಸರಿಸಿ ನಾಡಿ ಹಿಡಿದಳು. ಗೈಡು ಕ್ಯಾಮೆರಾ ಆರಿಸಿ, ಇನ್ನು ಬಾಯಿಬಿಡಬಹುದು ಎಂದರು. ಅರ್ಧ ಡಾಕ್ಟರ ಅಣೆಕಟ್ಟೆಯ ಬಾಗಿಲು ತೆರೆದಂತೆ ಉಸಿರುಬಿಟ್ಟ.

ಗೈಡು ಪ್ರಬಂಧವನ್ನೂ ಪೆನ್ನನ್ನೂ ಹಿಡಿದೇ ಬಂದಿದ್ದರು. ಶಿಷ್ಯನಿಗೆ ಏನಾದರೂ ಆದರೆ ಕೊನೆಯದಾಗಿ ತೋರಿಸೋಣ ಎಂದಿರಬೇಕು. ಅವರು ಮೂಗಿನಿಂದಲೇ ಕೇಳಿದರು: “ನಿಜ ಹೇಳು. ನಿನಗೆ ಹುಷಾರಿರಲಿಲ್ಲ ತಾನೇ? ಹಾಗಿದ್ರೆ ಹೊತ್ತಿಗೆ ಸರಿಯಾಗಿ ಜನ ಕರೆಸಿದ ನಿನ್ನ ಆ್ಯಪು ಅದ್ಭುತ, ಈಗಲೇ ಸಹಿ. ಹುಷಾರಿದ್ದೆ ಅಂದ್ರೆ, ಅಜ್ಜಿ ತಪ್ಪು ಗುಂಡಿ ಒತ್ತಿದಾರೆ, ನೀನು ತಪ್ಪು ಜಾಗದಲ್ಲಿ ಇಟ್ಟಿದೀಯ. ಎಲ್ಲ ಮೊದಲಿಂದ.”

ಹುಡುಗಿಯೂ ಅದನ್ನೇ ಕೇಳಿದಳು, ಇನ್ನೊಂದು ದಿಕ್ಕಿನಿಂದ: “ಹೌದು, ನಿಜ ಹೇಳಿ. ಕಾಯಿಲೆ ಇಟ್ಕೊಂಡು ನನ್ನ ಹತ್ರ ಮುಚ್ಚಿಟ್ಟಿದ್ರೆ ಈ ಮದುವೆ ಇಲ್ಲಿಗೇ ಸಾಕು.”

ಹುಷಾರಿರಲಿಲ್ಲ ಎಂದರೆ ಸಹಿ ಬರುತ್ತದೆ, ಹುಡುಗಿ ಹೋಗುತ್ತಾಳೆ. ಹುಷಾರಿದ್ದೆ ಎಂದರೆ ಸಹಿ ಹೋಗುತ್ತದೆ, ಸಹಿಯಿಲ್ಲದೆ ಮದುವೆಯೂ ಇಲ್ಲ. ಇಷ್ಟು ಹೊತ್ತು ಮಾತಾಡಲು ಹಾತೊರೆದವನಿಗೆ ಈಗ ಮಾತೇ ಹೊರಡಲಿಲ್ಲ.

“ಅವನನ್ನೇನು ಕೇಳ್ತೀರಿ? ಒತ್ತಿದೋಳು ನಾನು” ಎಂದರು ಅಜ್ಜಿ. “ತಪ್ಪಿ ಒತ್ತಲಿಲ್ಲ, ನೋಡಿಯೇ ಒತ್ತಿದ್ದು. ಕೆಂಪಗಿತ್ತು, ದಪ್ಪಗಿತ್ತು, ‘ಯಾರನ್ನಾದರೂ ಕರೆಯಿರಿ’ ಅಂತ ಬರೆದಿತ್ತು. ಈ ಹುಡುಗ ಗುಂಡುಕಲ್ಲಿನ ಹಾಗೆ ಕೂತಿದಾನೆ, ಎಷ್ಟು ಕೇಳಿದ್ರೂ ಹೇಳಿಕೊಡಲ್ಲ. ಹೇಳಿಕೊಡೋರು ಯಾರಾದ್ರೂ ಬರಲಿ ಅಂತ ಕರೆದೆ.”

ಗೈಡಿನ ಮುಖ ಹಬ್ಬದ ದೀಪವಾಯಿತು. ಮಾತ್ರೆಯ ಗುರುತು ಹಾಗಿರಲಿ, ಅಜ್ಜಿ ಈ ಗುಂಡಿಯನ್ನು ಯಾರೂ ಹೇಳಿಕೊಡದೆ ಕಂಡು, ಓದಿ, ಬೇಕೆಂದೇ ಒತ್ತಿ, ಬೇಕಾದ್ದನ್ನು ಪಡೆದಿದ್ದಾರೆ. ಇಂಥ ಪರೀಕ್ಷೆ ಹುಡುಕಿದರೂ ಸಿಗುವುದಿಲ್ಲ ಎಂದು ಅವರು ಕೊನೆಯ ಪುಟ ತೆರೆದರು. ಹುಡುಗ ಹುಷಾರಾಗಿದ್ದಾನೆ, ಆ್ಯಪೂ ಹುಷಾರಾಗಿದೆ. ಅರ್ಧ ಡಾಕ್ಟರ ಒದ್ದೆ ತಲೆಯಲ್ಲಿ, ಬರಿಮೈಯಲ್ಲಿ, ರಾಜನ ಹಾಗೆ ನಕ್ಕು ಹುಡುಗಿಯತ್ತ ತಿರುಗಿದ.

ಹುಡುಗಿ ನಗಲಿಲ್ಲ. “ಅಜ್ಜಿ ಅಷ್ಟು ಸಲ ಕೇಳಿದ್ರೂ ನೀವು ಹೇಳಿಕೊಡಲಿಲ್ವಾ?”

“ನಿಯಮ ಅದು. ಹೇಳಿಕೊಟ್ಟರೆ ಪರೀಕ್ಷೆ ರದ್ದು.”

“ಒಳ್ಳೇ ನಿಯಮ” ಎಂದಳು ಆಕೆ. “ಹಾಗಾದ್ರೆ ನನ್ನದೂ ಒಂದು ಪರೀಕ್ಷೆ ಇರಲಿ. ಪ್ರತಿ ಭಾನುವಾರ ನಮ್ಮನೆಗೆ ಬನ್ನಿ. ಎಲ್ಲರಿಗೂ ಅಡುಗೆ ಮಾಡಿ, ಪಾತ್ರೆ ತೊಳೆದು, ಒಲೆ ಒರೆಸಿ ಹೋಗಿ. ಉಪ್ಪೆಲ್ಲಿ, ಸೌಟೆಲ್ಲಿ ಅಂತ ಕೇಳಿದ್ರೆ ಗೋಡೆ ನೋಡ್ತೀನಿ. ಯಾರನ್ನೂ ಕೇಳದೆ ಮಾಡೋದು ಬಂದ ದಿನ ಮದುವೆ.”

ಅಜ್ಜಿ ಚಪ್ಪಾಳೆ ತಟ್ಟಿದರು. ಅರ್ಧ ಡಾಕ್ಟರ ದಿಕ್ಕು ಕಾಣದೆ ಗೈಡಿನ ಕಡೆ ನೋಡಿದ. ಗೈಡಿನ ಪೆನ್ನು ಕಾಗದಕ್ಕೆ ತಾಗುವುದರಲ್ಲಿದ್ದದ್ದು ಅಲ್ಲೇ ನಿಂತಿತ್ತು. ಅವರ ಕಣ್ಣಿನಲ್ಲಿ ಸಂಶೋಧಕರಿಗೆ ಮಾತ್ರ ಬರುವ ಒಂದು ಹೊಳಪು ಬಂದಿತ್ತು.

“ಅಮ್ಮಾ, ಅಡುಗೆಮನೆಯಲ್ಲಿ ಕ್ಯಾಮೆರಾ ಇಡೋಕೆ ಜಾಗ ಇದೆಯಾ?” ಎಂದು ಕೇಳಿದರು.

ಬೇಕಾದಷ್ಟಿದೆ ಎಂದಳು ಹುಡುಗಿ.

ಗೈಡು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಳಿಸಿದರು. “ಕೊನೇ ಅಧ್ಯಾಯ ಸ್ವಲ್ಪ ಸಪ್ಪೆಯಾಗಿತ್ತು ಕಣಯ್ಯಾ. ಇದನ್ನೂ ಸೇರಿಸಿಬಿಡು. ಗಡುವು ಮುಂದಕ್ಕೆ ಹಾಕಿಸೋದು ನನ್ನ ಜವಾಬ್ದಾರಿ. ಸಹಿ ಆಮೇಲೆ ನೋಡೋಣ.”