ಹುಮನಾಬಾದಿಗೆ ಮೂರು ದಿನದ ಸೈಕಲ್ ದಾರಿ

ಅರಿಯದ ವಿಷಯದಲ್ಲಿ ಅಭಿಪ್ರಾಯ ಇಟ್ಟುಕೊಳ್ಳುವುದು ಪಾಪವಲ್ಲ. ಅದನ್ನು ಅಡುಗೆಮನೆಗೆ ಕೇಳುವಂತೆ ಆಡಿಬಿಟ್ಟರೆ ಮಾತ್ರ ಪ್ರಾಯಶ್ಚಿತ್ತ ತಪ್ಪದು. ಬಸವಕಲ್ಯಾಣದ ಸುತ್ತಲಿನ ಶಾಲೆಗಳಲ್ಲಿ ಆಯುಷ್ಯವೆಲ್ಲ ಹಳಗನ್ನಡ, ಸಂಸ್ಕೃತ ಕಲಿಸಿದವನಿಗೆ ಇಷ್ಟಾದರೂ ತಿಳಿದಿರಬೇಕಿತ್ತು. ತಿಳಿಯಲಿಲ್ಲವಾದ್ದರಿಂದ ಎಪ್ಪತ್ತು ದಾಟಿದ ಮೇಲೆ ನಾನು ಸೈಕಲ್ ಸ್ಪರ್ಧಾಳುವಾದೆ.

ಅಂದು ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದಾಗ ಮೊಮ್ಮಗಳು ಶ್ರಾವಣಿ ಮೊಬೈಲಿನಲ್ಲಿ ಸೈಕಲ್ ಪಂದ್ಯ ನೋಡುತ್ತಿದ್ದಳು. ಎಂಟು ದಿನಗಳ ಪಂದ್ಯವಂತೆ. ದೇಶವೋ, ಮುಂಜಾನೆ ಈ ಗಡಿಯಿಂದ ಹೊರಟರೆ ಊಟದ ಹೊತ್ತಿಗೆ ಆ ಗಡಿ ಮುಟ್ಟುವಷ್ಟು ಚಿಕ್ಕದು. "ಅಷ್ಟು ಸಣ್ಣ ದೇಶದಲ್ಲಿ ಎಂಟು ದಿನ ಎಲ್ಲಿ ತುಳಿಯುತ್ತಾರೆ?" ಎಂದು ಕೇಳಿದೆ.

"ದಿನಕ್ಕೊಂದು ಊರಿಂದ ಹೊಂಟು ಇನ್ನೊಂದು ಊರು ಮುಟ್ಟತಾರ ಅಜ್ಜಾ. ಮರುದಿನ ಬ್ಯಾರೆ ದಾರಿ. ಆದ್ರ ಸಣ್ಣ ದೇಶ ಇದನ್ನ ವರ್ಷಾ ವರ್ಷಾ ಹ್ಯಾಂಗ ನಡಸ್ತದ ಅನ್ನೂದೇ ನನಗ ತಿಳಿವಲ್ದು."

ಪ್ರಶ್ನೆ ಬಿದ್ದಮೇಲೆ ಮೇಷ್ಟರು ಸುಮ್ಮನಿರಲಾದೀತೆ? ನಾರಾಯಣಪುರದ ಹಳೆಯ ಶಿವಾಲಯವನ್ನು ಉದಾಹರಿಸಿದೆ. ಗುಡಿ ಸಣ್ಣದೆಂದು ಪ್ರದಕ್ಷಿಣೆಯ ಪುಣ್ಯ ಸಣ್ಣದಾಗುವುದಿಲ್ಲ. ನೂರೆಂಟು ಸುತ್ತು ಬರುವ ಸಂಕಲ್ಪವಿದ್ದವನಿಗೆ ಸಣ್ಣ ಗುಡಿಯಲ್ಲೇ ಅನುಕೂಲ. ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಗೌರವ ಉಳಿಯುತ್ತಿತ್ತು. "ಆದರೂ ಈ ಹುಡುಗರಿಗೆ ಹಿಂದೆ ವೈದ್ಯರು, ಮುಂದೆ ಅಡುಗೆಯವರು. ನಾನಾದರೆ ಇವತ್ತಿಗೂ ಹುಮನಾಬಾದಿಗೆ ಒಂದೇ ಉಸಿರಿನಲ್ಲಿ ತುಳಿದೇನು" ಎಂದು ಸೇರಿಸಿದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನನ್ನ ಮಡದಿ ನೀಲಮ್ಮ ಹೊರಬಂದಳು. ಅಂಗಳದ ಮೂಲೆಯಲ್ಲಿರುವ ನನ್ನ ಸೈಕಲನ್ನು ಕೊಹಿನೂರ ಹಳ್ಳಿಯ ಹಾಲಿನವನಿಗೆ ಕೊಟ್ಟುಬಿಡಬೇಕೆಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು. ನಾನೋ, ದಿನಕ್ಕೊಂದು ಶಾಸ್ತ್ರ ಹೇಳಿ ಮುಂದೂಡುತ್ತಿದ್ದೆ. ಶಾಲೆಯ ದಾರಿಯಲ್ಲಿ ಅದರ ಮೇಲೆ ಕೂತು ಎಷ್ಟು ಶ್ಲೋಕ ಬಾಯಿಪಾಠ ಮಾಡಿದ್ದೇನೋ! ಇಂದಿಗೂ ಕೆಲವು ಚರಣಗಳು ಕಾಲು ಆಡಿಸಿದರೆ ಮಾತ್ರ ನೆನಪಿಗೆ ಬರುತ್ತವೆ. ಅದನ್ನು ಕೊಟ್ಟರೆ ನನ್ನ ಅರ್ಧ ವಿದ್ಯೆಯನ್ನೇ ಕೊಟ್ಟಂತೆ.

"ಬರಾಬರ್ ಆತು," ಎಂದಳು. "ಸೋಮವಾರ ಹುಮನಾಬಾದದಾಗ ನಿಮ್ಮ ತಂಗಿ ಮನ್ಯಾಗ ಪೂಜಿ ಅದ. ಪಂಕ್ತಿ ಕುಂದ್ರೂದ್ರಾಗ ಸೈಕಲ್ ಮ್ಯಾಲೆ ಮುಟ್ಟಿದ್ರ ಸೈಕಲ್ ನಿಮ್ದು. ಬ್ಯಾರೆ ಗಾಡಿ ಹತ್ತಿದ್ರ, ಇಲ್ಲಾ ತಡಾ ಆದ್ರ, ಹಾಲಿನವಂದು."

ಬಸ್ಸಿಗೆ ಒಂದು ಗಂಟೆಯೂ ಹಿಡಿಯದ ದಾರಿ. ಆದರೂ ಔದಾರ್ಯದಿಂದ ಎರಡು ದಿನ ಮೊದಲೇ, ಶನಿವಾರ ಬೆಳಿಗ್ಗೆ, ವಿಭೂತಿ ಧರಿಸಿ ಹೊರಟೆ.

ಹೆದ್ದಾರಿ ಕೂಡುವಲ್ಲಿ ಕಾಶಿನಾಥನ ಚಹಾದಂಗಡಿ. ಒಂದು ಕಾಲದಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನವನು. ಈಗ ರಸ್ತೆಯ ನಡುವೆ ಕೈ ಚಾಚಿ ನಿಂತಿದ್ದ. "ಶರಣು ಸರ್, ಇಳೀರಿ, ಇಳೀರಿ!"

"ಅವಸರ ಅದ ತಮ್ಮಾ, ಹುಮನಾಬಾದಕ್ಕ ಹೊಂಟೀನಿ."

"ಹುಮನಾಬಾದ ಎಲ್ಲಿ ಓಡಿ ಹೋಗ್ತದ್ರಿ? ಪ್ರಸಾದ ತಗೊಂಡು ಹೋಗ್ರಿ."

ಆ ಒಂದು ಮಾತಿಗೆ ನನ್ನ ಬ್ರೇಕು ತಾನೇ ಬಿತ್ತು. ಪ್ರಸಾದವನ್ನು ಬೇಡವೆನ್ನಬಾರದು, ತಟ್ಟೆಯಲ್ಲಿ ಬಿಡಬಾರದು, ಉಂಡೊಡನೆ ಎದ್ದು ಓಡಬಾರದು ಎಂದು ಈ ತಾಲ್ಲೂಕಿನ ಎರಡು ತಲೆಮಾರಿಗೆ ಕಲಿಸಿದವನು ನಾನೇ. ಗೋಧಿ ಹುಗ್ಗಿ, ಜೋಳದ ರೊಟ್ಟಿ, ಎಣ್ಣೆಗಾಯಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಆಗಲೇ ಸಿದ್ಧವಾಗಿದ್ದವು. ಉಂಡು, ಬೇವಿನ ನೆರಳಿನಲ್ಲಿ ಶಾಸ್ತ್ರೋಕ್ತವಾಗಿ ಒರಗಿ, ಎದ್ದಾಗ ಬಿಸಿಲು ಇಳಿದಿತ್ತು. ಸಂಜೆಗೆ ರಾಜೇಶ್ವರವೆಂಬ ಊರು ಮುಟ್ಟಿದರೆ ಅಲ್ಲಿ ಕಿರಾಣಿ ಅಂಗಡಿಯ ಇನ್ನೊಬ್ಬ ಶಿಷ್ಯ ಹಾಸಿಗೆಯನ್ನೇ ಹಾಸಿಟ್ಟು ಕಾಯುತ್ತಿದ್ದ. ನನ್ನ ಕೀರ್ತಿ ನನಗಿಂತ ವೇಗವಾಗಿ ತುಳಿಯುತ್ತಿದೆಯೆಂದು ಒಳಗೊಳಗೆ ಹಿಗ್ಗಿದೆ.

ಭಾನುವಾರ ಅವನು ಮಧ್ಯಾಹ್ನದವರೆಗೆ ಬಿಡಲಿಲ್ಲ. ಅಲ್ಲಿಂದ ಎರಡು ಮೈಲು ಹೋಗುವಷ್ಟರಲ್ಲಿ ಹೊಲದ ಬದುವಿನಲ್ಲಿ ರತ್ನಾಬಾಯಿ. ಸುಭಾಷಿತಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದ ಹುಡುಗಿ. ಈಗ ಗಂಡನ ಜೊತೆ ತೊಗರಿ ಬೆಳೆಯುತ್ತಾಳೆ. ಬುದ್ಧನ ಪಟವಿರುವ ಅವಳ ಮನೆಯಲ್ಲಾದರೂ ನನ್ನ ನಿಯಮದಿಂದ ಪಾರಾಗಬಹುದೆಂಬ ಆಸೆಯಿತ್ತು.

"ನಮ್ಮಲ್ಲಿ ಪ್ರಸಾದ ಅನ್ನಂಗಿಲ್ರಿ ಸರ್, ಊಟ ಅಂತೀವಿ," ಎಂದು ತಟ್ಟೆಯಿಟ್ಟಳು. "ಬಿಡಬಾರದು ಅನ್ನೂದು ಮಾತ್ರ ನೀವೇ ಕಲಿಸಿದ್ದು."

ಮೂರನೆಯ ರೊಟ್ಟಿಗೆ ಕೈ ಅಡ್ಡ ಹಿಡಿದೆ. "ಮುಂಜಾನೆ ಹೋಗೀರಂತ, ಇವತ್ತು ಇಲ್ಲೇ," ಎಂದು ಅವಳ ಗಂಡ ನನ್ನ ಸೈಕಲನ್ನು ಎತ್ತಿನ ಪಕ್ಕದಲ್ಲೇ ಕಟ್ಟಿಹಾಕಿದ.

ಸೋಮವಾರ ಅಲ್ಲಿಯೇ ಲಿಂಗಪೂಜೆ ಮುಗಿಸಿ ಹೊರಟವನು ಗುರುವಿನ ಹೆಸರು ಹೇಳುತ್ತಾ ಜೀವ ಬಿಟ್ಟು ತುಳಿದೆ. ಮತ್ತಿಬ್ಬರು ಶಿಷ್ಯರು ಊಟಕ್ಕೆ ಕರೆಯುತ್ತಾ ರಸ್ತೆಗೆ ಅಡ್ಡ ಬಂದರು. "ಬರುವಾಗ ನಿಲ್ಲುತ್ತೇನೆ" ಎಂದು ಸುಳ್ಳು ಹೇಳಿ ಪಾರಾದೆ, ದೇವರು ಕ್ಷಮಿಸಬೇಕು. ತಂಗಿಯ ಮನೆಯಲ್ಲಿ ಎಲೆ ಹಾಕಿದ್ದರು, ನೀರು ಚಿಮುಕಿಸಿದ್ದರು, ಕೊನೆಯ ಒಂದು ಮಣೆ ಖಾಲಿ ಇತ್ತು. ಗೋಡೆಗೆ ಸೈಕಲ್ ಒರಗಿಸಿ, ಬೆವರು ಒರೆಸುತ್ತಾ ಹೋಗಿ ಅದರ ಮೇಲೆ ಕೂತೆ.

ಬಸ್ಸಿನಲ್ಲಿ ಬಂದು ಆರಾಮಾಗಿದ್ದ ನೀಲಮ್ಮ ಬಡಿಸಲು ಬಂದವಳು ಬಗ್ಗಿ ಮೆಲ್ಲಗೆ ಕೇಳಿದಳು: "ರತ್ನಾಬಾಯಿ ಮನ್ಯಾಗ ಎರಡೇ ರೊಟ್ಟಿ ಉಂಡೀರಂತಲ್ಲಾ, ಯಾಕ?"

ತುತ್ತು ಕೈಯಲ್ಲೇ ನಿಂತಿತು. "ನಿನಗ್ಯಾರು ಹೇಳಿದರು?"

"ಈ ವಯಸ್ಸಿನಾಗ ಒಂದೇ ಉಸಿರಿಗೆ ತುಳಿದು ರಸ್ತೇದಾಗ ಬಿದ್ದಿದ್ರ? ಅದಕ್ಕ ಫೋನ್ ಮಾಡಿ, ದಾರೀತುಂಬಾ ಒಬ್ಬೊಬ್ಬರನ್ನ ಕುಂದರ್ಸಿದೆ. ಸುಮ್ನ ತಡೆದ್ರ ನೀವು ನಿಲ್ತಿದ್ರೇನು? ಪ್ರಸಾದ ಅನ್ರಿ ಅಂತ ಹೇಳಿಕೊಟ್ಟೆ."

ನನ್ನ ಕೀರ್ತಿಯ ಟೈರಿನಿಂದ ಗಾಳಿ ಹೋಯಿತು. ಆದರೆ ಶ್ರಾವಣಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಆ ಎಲೆಯ ಮುಂದೆಯೇ. ದೇಶ ಸಣ್ಣದಾದರೆ ಪ್ರತಿ ತಿರುವಿನಲ್ಲೂ ಹೆಸರು ಬಲ್ಲವನೊಬ್ಬ ನಿಂತಿರುತ್ತಾನೆ. ಒಂದೂರು ಉಣಿಸಿದರೆ, ತಾನು ಕಡಿಮೆಯೇ ಎಂದು ಪಕ್ಕದೂರು ಹಾಸಿಗೆ ಹಾಸುತ್ತದೆ. ಅಂಥ ಪಂದ್ಯ ಎಂಟು ದಿನ ನಡೆಯುವುದು ಆಶ್ಚರ್ಯವಲ್ಲ, ಎಂಟೇ ದಿನಕ್ಕೆ ಮುಗಿಯುವುದು ಆಶ್ಚರ್ಯ. ತುಳಿಯುವವನು ಅದೆಲ್ಲ ತನ್ನ ಕಾಲಿನ ಬಲವೆಂದು ತಿಳಿದಿರುತ್ತಾನೆ, ಅಷ್ಟೆ.

ಸೈಕಲ್ ಉಳಿಯಿತು. ಬಸ್ಸಿನ ನೆತ್ತಿಯ ಮೇಲೇರಿ ಊರಿಗೆ ಬಂತು. ಮೂರು ದಿನದ ಊಟಕ್ಕೆ ಹೊಟ್ಟೆ ಬೆಳೆದು ನನ್ನ ಧೋತರದ ನಿರಿಗೆಗಳಲ್ಲಿ ಒಂದು ಕಡಿಮೆಯಾದದ್ದನ್ನು ಯಾರೂ ಎತ್ತಿ ಆಡಲಿಲ್ಲ.

ಮೊನ್ನೆ ಶ್ರಾವಣಿ ಮತ್ತೆ ಮೊಬೈಲ್ ಹಿಡಿದು ಕೇಳಿದಳು: "ಅಜ್ಜಾ, ಅಷ್ಟು ಎತ್ತರದ ಗುಡ್ಡ ಸೈಕಲ್ ಮ್ಯಾಲೆ ಹ್ಯಾಂಗ ಏರ್ತಾರ?" ನಾಲಿಗೆಯ ತುದಿಗೆ ಎರಡು ಉದಾಹರಣೆ, ಒಂದು ಶ್ಲೋಕ ಬಂದಿದ್ದವು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ತಿಳಿಯದು ಮಗಳೆ," ಎಂದೆ. ಸೌಟು ಮತ್ತೆ ಆಡತೊಡಗಿತು.