ಬರೆದದ್ದು ಬರೆದ ಹಾಗೆ ಹೆಣೆಯುವವರು ಬೇಕಾಗಿದ್ದಾರೆ

ನಮ್ಮ ದೊಡ್ಡಮ್ಮ ಮಗನಿಗೆ ಹೆಣ್ಣು ಒಪ್ಪಿದ್ದು ಹದಿನೈದೇ ನಿಮಿಷದಲ್ಲಿ. ತಟ್ಟೆಯಲ್ಲಿದ್ದ ಉಪ್ಪಿಟ್ಟು ಇನ್ನೂ ಬಿಸಿಯಾಗಿತ್ತು, "ಆತು, ನಮಗೆ ಒಪ್ಪಿಗಿ ಐತೆ" ಅಂದುಬಿಟ್ಟಳು. ಅದೇ ದೊಡ್ಡಮ್ಮನಿಗೆ ತನ್ನ ಕ್ರೋಶಾ ಪ್ಯಾಟರ್ನು ಹಾಕಿ ನೋಡಲು ಒಬ್ಬ ನಂಬಿಕಸ್ಥ ಹೆಂಗಸು ಸಿಗಲು ಹದಿನಾಲ್ಕು ತಿಂಗಳು ಬೇಕಾಯಿತು! ಹುಡುಕಿದವಳಾದರೂ ಅವಳೇ? ಅಲ್ಲ, ನಾನು. ಅವಳ ಕೆಲಸ ಬೇಡ ಅನ್ನುವುದು ಮಾತ್ರ.

ಕ್ರೋಶಾ ಗೊತ್ತಲ್ಲ? ತುದಿಗೆ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ದಾರ ಎಳೆದೆಳೆದು ಕೂಸಿನ ಟೋಪಿ, ಬಾಗಿಲ ತೋರಣ, ಟೀಪಾಯಿ ಮೇಲಿನ ಬಟ್ಟೆ ಮಾಡುತ್ತಾರಲ್ಲ, ಅದು. ದೊಡ್ಡಮ್ಮ ಹರಿಹರದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳು. ಆಮೇಲೆ ಆ ಗಣಿತವನ್ನೆಲ್ಲ ದಾರಕ್ಕೆ ಹರಿಸಿದಳು. ಹೊಸ ಹೊಸ ವಿನ್ಯಾಸ ಕಟ್ಟಿ, ಯಾವ ಸಾಲಿನಲ್ಲಿ ಎಷ್ಟು ಸರಪಳಿ ಕುಣಿಕೆ, ಎಷ್ಟು ಕಂಬದ ಕುಣಿಕೆ ಅಂತ ಲೆಕ್ಕದ ನೋಟುಪುಸ್ತಕದಂತೆ ಬರೆದಿಡುತ್ತಿದ್ದಳು.

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ, ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಾರೆ. ಅವರು ದೊಡ್ಡಮ್ಮನ ಹನ್ನೆರಡು ಪ್ಯಾಟರ್ನು ಸೇರಿಸಿ ಒಂದು ಪುಸ್ತಕ ಮಾಡುತ್ತೇವೆ ಅಂದರು. ನಾನು ಕುಣಿದಾಡಿಕೊಂಡು ಹರಿಹರಕ್ಕೆ ಫೋನು ಮಾಡಿದೆ. ಮಾಡಬಾರದಿತ್ತು!

"ಪರೀಕ್ಷೆ ಆಗದೆ ನಾನು ಒಂದು ಹಾಳೀನೂ ಕೊಡಂಗಿಲ್ಲ," ಅಂದಳು. "ನನ್ನ ಮುಖ ನೋಡದೋರು, ನನ್ನ ಕಾಗದ ಅಷ್ಟೇ ನೋಡಿ ಹಾಕ್ಬೇಕು. ಬರ್ದದ್ದು ಬರ್ದಂಗೆ ಹಾಕ್ಬೇಕು. ಅಂಥೋರ್ನ ಹುಡುಕು."

"ನಿನ್ನ ಸೊಸೆ ಮನೇಲೇ ಇದ್ದಾಳಲ್ಲ ದೊಡ್ಡಮ್ಮ?"

"ಅಕಿ ನನ್ನ ಕೈಯಾಗೆ ದಿನಾ ಚಾ ಕುಡೀತಾಳೆ. ನನಗೆ ಬೇಜಾರಾಗ್ತೈತೆ ಅಂತ ಸುಳ್ಳು ಹೇಳ್ತಾಳೆ. ಬ್ಯಾಡ."

ನಾನು ಮೊದಲು ಹಿಡಿದದ್ದು ಹಾಸ್ಟೆಲಿನ ಹುಡುಗಿಯರನ್ನು. ಐದು ಜನ ಉತ್ಸಾಹದಿಂದ ಬಂದು ದೊಡ್ಡಮ್ಮ ಕಳಿಸಿದ್ದ ದಾರದ ಉಂಡೆಗಳನ್ನು ಒಯ್ದರು. ಅವರಲ್ಲೊಬ್ಬಳು ನಲವತ್ತೇ ನಿಮಿಷಕ್ಕೆ ಮುಗಿಸಿದ ಹೂವಿನ ಫೋಟೋ ಕಳಿಸಿ, "ಪ್ಯಾಟರ್ನ್ ಸೂಪರ್ ಆಂಟಿ!" ಅಂತ ಬರೆದು ಏಳು ಕೆಂಪು ಹೃದಯ ಅಂಟಿಸಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಹಾಗೆಯೇ ಹರಿಹರಕ್ಕೆ ದಾಟಿಸಿದೆ. ಐದು ನಿಮಿಷಕ್ಕೆ ದೊಡ್ಡಮ್ಮನ ಫೋನು.

"ನಾನು ಬರ್ದಿದ್ದು ಎಂಟು ದಳ. ಇದರಾಗೆ ಒಂಬತ್ತು ಅದಾವೆ. ಇದು ಇಂಟರ್ನೆಟ್ಟಿನ ಹೂವು. ಮುಂದಿನಾಕಿ ಯಾರು?"

ಉಳಿದ ನಾಲ್ವರಲ್ಲಿ ಇಬ್ಬರಿಗೆ ಇಂಟರ್ನಲ್ಸ್ ಬಂತು, ಒಬ್ಬಳಿಗೆ ಜ್ವರ ಬಂತು. ಕೊನೆಯವಳಿಗೆ ಏನೂ ಬರಲಿಲ್ಲ. ಆದರೆ ಅವಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದೊಡ್ಡಮ್ಮನ ಹಳದಿ ದಾರ ಅವರ ಊರಿನ ಮನೆಯ ನಾಯಿಮರಿಯ ಸ್ವೆಟರಾಗಿ ಓಡಾಡುತ್ತಿತ್ತು. ನಾಯಿಮರಿ ಚೆನ್ನಾಗಿಯೇ ಕಾಣುತ್ತಿತ್ತು ಅನ್ನಿ.

ಹಾಗಾದರೆ ಕೈ ಪಳಗಿದವರೇ ಬೇಕು ಅಂದುಕೊಂಡು ಎದುರುಮನೆಯವರನ್ನು ಕೇಳಿದೆ. ಅವರ ಕೈಯಲ್ಲಿ ಕ್ರೋಶಾ ಕಡ್ಡಿ ಕಣ್ಣಿಗೆ ಕಾಣದ ಹಾಗೆ ಓಡುತ್ತದೆ. ನಾಲ್ಕೇ ದಿನದಲ್ಲಿ ಚೊಕ್ಕ ಟೋಪಿ ತಂದುಕೊಟ್ಟರು. "ಮೂರನೇ ಸಾಲು ಒಂಚೂರು ಸರಿ ಇರ್ಲಿಲ್ಲ ಕಣ್ರಿ, ನಾನೇ ಹೊಂದಿಸ್ಕೊಂಡೆ. ಅಂಚಿಗೆ ಎರಡು ಗೊಂಡೆ ಸೇರಿಸ್ದೆ. ಚೆಂದಾಗೈತಲ್ಲ?" ಅಂದರು.

ಚೆಂದವಾಗಿಯೇ ಇತ್ತು. ಭಾನುವಾರ ಬಸ್ಸು ಹತ್ತಿ ಒಯ್ದು ದೊಡ್ಡಮ್ಮನ ಕೈಗಿಟ್ಟೆ. ಅವಳು ಟೋಪಿಯನ್ನು ಒಳಗೆ ಹೊರಗೆ ಮಾಡಿ ನೋಡಿ ನನ್ನ ತೊಡೆಯ ಮೇಲೆ ಎಸೆದಳು.

"ಯಾಕ ದೊಡ್ಡಮ್ಮ?"

"ಮೂರನೇ ಸಾಲಿನ ತಪ್ಪು ನಾನೇ ಬೇಕಂತ ಇಟ್ಟಿದ್ದೆ. ಹೇಳ್ತಾರಾ ನೋಡಾಣ ಅಂತ. ಇಕಿ ಕಾಗದದಾಗೆ ಒಂದು ಮಾತು ಬರೀದೆ ತಾನೇ ಸರಿ ಮಾಡ್ಯಾಳೆ. ಕ್ರೋಶಾ ಬರೋರಿಗೆ ನನ್ನ ಪುಸ್ತಕ ಯಾಕ ಬೇಕು? ಬರದೋರು ಆ ಸಾಲಿಗೆ ಬಂದು ಬಿದ್ರೆ ಎತ್ತೋರು ಯಾರು?"

ಮಾತು ಸರಿಯೇ. ಆದರೆ ಎದುರುಮನೆಯವರಿಗೆ ಇದನ್ನು ಹೇಗೆ ಹೇಳುವುದು? ಹೇಳಿದೆ. ಅವರು ಎರಡು ತಿಂಗಳು ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ತುಳಸಿಗೆ ನೀರು ಹಾಕಿದರು.

ಇಷ್ಟಾದ ಮೇಲೆ ದೊಡ್ಡಮ್ಮ ಪ್ರವೇಶ ಪರೀಕ್ಷೆ ಇಟ್ಟಳು! ಹೆಸರು ಕೊಟ್ಟವರು ಹರಿಹರದ ಬಸ್‌ಸ್ಟ್ಯಾಂಡಿನಿಂದ ಅವಳ ಮನೆಗೆ ಬರುವ ದಾರಿಯನ್ನು ಹಾಳೆಯಲ್ಲಿ ಬರೆಯಬೇಕು. ದಾರಿ ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಂಡು ಬರೆಯಬೇಕು. ಸರಿಯಾಗಿ ಬರೆಯುವವರೇ ಸರಿಯಾಗಿ ಓದುತ್ತಾರೆ ಅನ್ನುವುದು ಅವಳ ಸಿದ್ಧಾಂತ. ಮಂಡಿಪೇಟೆಯ ಸಗಟು ವ್ಯಾಪಾರಿಯೊಬ್ಬರ ಹೆಂಡತಿ, ಬಹಳ ಸಜ್ಜನರು, ನನ್ನ ಮುಖ ನೋಡಿ ಬರೆದುಕೊಟ್ಟರು. ಮಾರನೇ ದಿನ ಆಫೀಸಿನಲ್ಲಿ ಕೌಂಟರಿನ ಮುಂದೆ ಇಪ್ಪತ್ತು ಜನ ನಿಂತಿರುವಾಗ ಫೋನು ಬಂತು.

"ಎಲ್ಲಿದ್ದೀ ದೊಡ್ಡಮ್ಮ? ಗಾಳಿ ಸದ್ದು ಬರ್ತಿದೆ."

"ಹೊಳಿ ದಂಡಿಯಾಗಿದೀನಿ. ನಿಮ್ಮ ಮಂಡಿಪೇಟೆಯಕಿ 'ಸೀದಾ ಬರ್ರಿ' ಅಂತ ಬರ್ದಾಳೆ, ತಿರುಗ್ರಿ ಅಂತ ಬರ್ದಿಲ್ಲ. ಸೀದಾ ಬಂದೆ. ಇನ್ನೂ ಸೀದಾ ಹೋದ್ರೆ ನೀರು."

ತನ್ನ ಮನೆಯ ದಾರಿ ತನಗೇ ಗೊತ್ತಿದ್ದೂ ಅರವತ್ತೇಳರ ಹೆಂಗಸು ಬಿಸಿಲಲ್ಲಿ ಕೊಡೆ ಹಿಡಿದು ತುಂಗಭದ್ರೆಯವರೆಗೆ ನಡೆದಿದ್ದಾಳೆ! ಇವಳ ಜತೆ ಹೇಗೆ ಬಾಳುವುದು ಹೇಳಿ? ಅತ್ತ ಸಂಘದವರು ವಾರಕ್ಕೊಮ್ಮೆ ಕೇಳುತ್ತಿದ್ದರು. ಹನ್ನೆರಡನೇ ತಿಂಗಳಿಗೆ ಅವರು ಕೇಳುವುದನ್ನೂ ಬಿಟ್ಟರು. ಯುಗಾದಿಯೊಳಗೆ ಕೊಡದಿದ್ದರೆ ಬೇರೆಯವರ ಪುಸ್ತಕ ಹಾಕಿಸುತ್ತೇವೆ ಅಂದರು. ನಾನು ಸಿಟ್ಟಿನಿಂದ ದೊಡ್ಡಮ್ಮನಿಗೆ, "ನಿಂಗೆ ಪುಸ್ತಕ ಆಗೋದೇ ಬೇಕಿಲ್ಲ, ಜನರನ್ನ ಬೇಡ ಅನ್ನೋದಷ್ಟೇ ಬೇಕು" ಅಂದೆ. ಅವಳು ಫೋನು ಇಟ್ಟಳು.

ಯಾವ ಆಸೆಯೂ ಇಲ್ಲದೆ, ದಾರಿ ಬರೆಸುವ ಪರೀಕ್ಷೆಯನ್ನೂ ಬಿಟ್ಟು, ಉಳಿದದ್ದೊಂದು ಪ್ಯಾಟರ್ನನ್ನು ಸಂಘದ ತರಗತಿಗೆ ಹರಿಹರದ ದಾರಿಯಲ್ಲಿರುವ ಬಾತಿ ಎಂಬ ಊರಿನಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಕೊಟ್ಟೆ. ಹೊಲದ ಕೆಲಸ ಮುಗಿಸಿ ಬರುವವಳು, ಕ್ರೋಶಾ ಕಲಿತು ಆರು ತಿಂಗಳೂ ಆಗಿರಲಿಲ್ಲ. ದೊಡ್ಡ ದುಂಡನೆಯ ಬಟ್ಟೆಯ ವಿನ್ಯಾಸ ಅದು. ಹತ್ತು ದಿನ ಸುದ್ದಿಯಿಲ್ಲ. ಹನ್ನೊಂದನೇ ದಿನ ನಮ್ಮ ಕೌಂಟರಿಗೆ ಬಂದು, ಕೈಚೀಲದಿಂದ ಅರ್ಧ ಹೆಣೆದ ದುಂಡು ತೆಗೆದು ಫೀಸು ರಸೀದಿಗಳ ಮೇಲಿಟ್ಟಳು.

"ಮೇಡಂ, ಏಳನೇ ಸಾಲು ಬರಂಗಿಲ್ಲ. ನಾಲ್ಕು ಸಲ ಬಿಚ್ಚೀನಿ. ಆರನೇ ಸಾಲಿಗೆ ಎಪ್ಪತ್ತೆರಡು ಕಂಬ ಆಗ್ತಾವೆ. ಅದನ್ನ ಏಳೇಳು ಭಾಗ ಮಾಡ್ರಿ ಅಂತ ಬರ್ದೈತೆ. ಎರಡು ಉಳೀತಾವೆ. ಆ ಎರಡು ಎಲ್ಲಿ ಹಾಕ್ಲಿ? ಬರ್ದೋರೇ ಲೆಕ್ಕ ತಪ್ಪ್ಯಾರೆ."

ಲೆಕ್ಕ! ನಮ್ಮ ದೊಡ್ಡಮ್ಮ! "ಸ್ವಲ್ಪ ಮೆತ್ತಗೆ ಹೇಳಾಣಮ್ಮಾ, 'ನನಗೆ ಅರ್ಥ ಆಗಲಿಲ್ಲ' ಅಂತ," ಅಂದೆ.

"ನಂಗೆ ಅರ್ಥ ಆಗೈತಲ್ರಿ. ತಪ್ಪು ಐತೆ ಅಂತ ಅರ್ಥ ಆಗೈತೆ."

ಇದು ದೊಡ್ಡಮ್ಮ ಬೇಕಂತಲೇ ಇಟ್ಟ ಇನ್ನೊಂದು ತಪ್ಪಿರಬೇಕು ಅಂದುಕೊಂಡು ಭಾನುವಾರ ಹರಿಹರದ ಬಸ್ಸು ಹತ್ತಿದೆ. ಬಾತಿಯಲ್ಲಿ ಅವಳೂ ಹತ್ತಿದಳು. ದಾರಿಯುದ್ದಕ್ಕೂ ನಾನು ದೇವರ ಹೆಸರು ಹೇಳುತ್ತಿದ್ದೆ, ಅವಳು ಕಿಟಕಿಯಿಂದ ಯಾರದೋ ಭತ್ತ ನೋಡುತ್ತಿದ್ದಳು.

ದೊಡ್ಡಮ್ಮನ ಎದುರು ಕೂತು ಅವಳು ಒಂದಕ್ಷರವೂ ಬದಲಿಸದೆ ಹೇಳಿದಳು. ದೊಡ್ಡಮ್ಮ ಕನ್ನಡಕ ಏರಿಸಿ ಕಾಗದ ನೋಡಿದಳು. ದುಂಡನ್ನು ತೆಗೆದುಕೊಂಡು ಕಂಬಗಳನ್ನು ಬೆರಳಿನಿಂದ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಅವಳ ಕಿವಿ ಕೆಂಪಾಯಿತು. ಇದು ಬೇಕಂತ ಇಟ್ಟ ತಪ್ಪಲ್ಲ ಅಂತ ಆಗ ನನಗೆ ಹೊಳೆಯಿತು.

"ಆರಾರು ಭಾಗ ಅಂತ ಇರ್ಬೇಕಿತ್ತು," ಅಂದಳು ಮೆಲ್ಲಗೆ. "ತಪ್ಪು ನಂದೇ ಐತೆ ತಾಯಿ."

ಎದ್ದು ಒಳಗೆ ಹೋದಳು. ನಾನು ಚಪ್ಪಲಿ ಎಲ್ಲಿದೆ ಅಂತ ನೋಡಿಕೊಂಡೆ. ಅವಳು ತಿರುಗಿ ಬಂದಾಗ ಕೈಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿತ್ತು. ಅದರ ತುಂಬ ಸೊಟ್ಟಪಟ್ಟ ಹೆಣಿಗೆ. ಒಂದು ಹಪ್ಪಳದಂತೆ ಮುದುರಿತ್ತು, ಒಂದಕ್ಕೆ ಎಂಟರ ಬದಲು ಐದೇ ದಳ. ಪ್ರತಿಯೊಂದಕ್ಕೂ ಒಂದೊಂದು ಚೀಟಿ ಪಿನ್ನು ಮಾಡಿತ್ತು. ದೊಡ್ಡ ದೊಡ್ಡ ಅಕ್ಷರ: "ಐದನೇ ಸಾಲು ತಪ್ಪು. ಮೂರು ಸಲ ಬಿಚ್ಚಿದೆ. ನನ್ನ ತಪ್ಪಲ್ಲ, ನಿನ್ನದು."

ಆ ಅಕ್ಷರ ನನಗೆ ಗೊತ್ತು. ಅದು ದೊಡ್ಡಪ್ಪನದು!

ದೊಡ್ಡಪ್ಪ ತೀರಿಕೊಂಡು ಮೂರು ವರ್ಷ. ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮುಂದೆ ಜೀವನ ಕಳೆದ ಮನುಷ್ಯ. ಆರಡಿ ಆಳು, ಒಂದೊಂದು ಬೆರಳೂ ಬಾಳೆಕಾಯಿಯಷ್ಟು ದಪ್ಪ. ಆ ಬೆರಳಿನಲ್ಲಿ ಕ್ರೋಶಾ ಕಡ್ಡಿಯೇ?

"ದೊಡ್ಡಪ್ಪಗೆ ಕ್ರೋಶಾ ಬರ್ತಿತ್ತಾ?"

"ಎಲ್ಲಿ ಬರ್ತಿತ್ತು? ಬರ್ತಿರ್ಲಿಲ್ಲ, ಅದ್ಕೇ ಚಲೋ ಆಗಿತ್ತು. ಕಾರ್ಖಾನೆಯಾಗೆ ಡ್ರಾಯಿಂಗ್ ನೋಡಿ ಕೆಲ್ಸ ಮಾಡ್ದೋರು. ಕಾಗದದಾಗೆ ಏನೈತೋ ಅಷ್ಟೇ. ಯಾರಾದ್ರೂ ನೋಡಿ ನಕ್ಕಾರು ಅಂತ ಹಿಂದಿನ ಕೋಣೆ ಬಾಗಿಲು ಹಾಕ್ಕೊಂಡು ಕೂರೋರು. ಒಂದೊಂದು ಸಾಲು ಜೋರಾಗಿ ಓದ್ಕೊಂಡು ಹಾಕೋರು. ನಾನು ಅಡುಗಿ ಮನಿಯಾಗಿಂದ ಕೇಳ್ತಿದ್ದೆ. ಓದೋದು ನಿಂತ್ರೆ ಅಲ್ಲಿ ತಪ್ಪೈತೆ ಅಂತ ಗೊತ್ತಾಗೋದು."

ಚೀಟಿಯನ್ನು ಬೆರಳಿನಿಂದ ಸವರುತ್ತ ಅಂದಳು: "ಅವ್ರು ಹೋದಮ್ಯಾಲೆ ನಂಗೆ ತಪ್ಪು ಅಂತ ಯಾರೂ ಹೇಳ್ಲಿಲ್ಲ ಕಣೆ."

ನಾನು ಚಪ್ಪಲಿಯ ಕಡೆ ನೋಡುವುದು ಬಿಟ್ಟು ಡಬ್ಬಿಯ ಹತ್ತಿರ ಸರಿದು ಕೂತೆ.

ಬಾತಿಯವಳು ಡಬ್ಬಿಯ ತಳದಿಂದ ಒಂದನ್ನು ಎತ್ತಿದಳು. ನೀಲಿ ದಾರದ ಪುಟ್ಟ ಟೋಪಿ, ಅರ್ಧವಾಗಿತ್ತು, ಕಡ್ಡಿ ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು. "ಅಮ್ಮಾ, ಇದು ಅರ್ಧಕ್ಕೆ ನಿಂತೈತೆ. ಮುಗಿಸ್ಲಾ?"

ದೊಡ್ಡಮ್ಮ ಅದನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡಳು. "ಬ್ಯಾಡ. ಅದು ಹಂಗೇ ಇರ್ಲಿ. ಅದರ ಕಾಗದ ಕೊಡ್ತೀನಿ, ನೀನು ಹೊಸದು ಹಾಕು."

ಬಾತಿಯವಳು ಚಾಪೆಯ ಮೇಲೆ ಕೂತು, ಹೊಸ ಉಂಡೆ ಬಿಚ್ಚಿ, ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು. "ಒಂದನೇ ಸಾಲು. ಹನ್ನೆರಡು ಕಂಬ."

ದೊಡ್ಡಮ್ಮ ನೀಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಹೂಂ," ಅಂದಳು. "ಜೋರಾಗಿ ಓದು."